ತಂಗಿಗೆ, ಉತ್ತರ ಕೊಡದಿರುವ ಬಗ್ಗೆ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನಿನಗೂ ನಿನ್ನ ಯಜಮಾನರಿಗೂ ನಮ್ಮ ಪುಟಾಣಿ ಪಿಟೀಲಿಗೂ ಅಕ್ಕನ ನೆನಪುಗಳು. ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು. ಅಕ್ಕನಿಗೆ ನನ್ನ ಕಷ್ಟ ಒಂದು ಕಷ್ಟವೇ ಅಲ್ಲ ಎಂದು ನೀನು ಮುಖ ಊದಿಸಿಕೊಂಡಿರುತ್ತೀಯ. ಊದಿಸಿಕೋ, ನಾನು ಬೇಡ ಅನ್ನುವುದಿಲ್ಲ. ಲಾಂಡ್ರಿಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ ಎಂದು ನೆಪ ಹೇಳಬಹುದಿತ್ತು, ಅದು ಸುಳ್ಳೂ ಅಲ್ಲ. ಆದರೆ ನಿನ್ನ ಹತ್ತಿರ ನೆಪ ಹೇಳಿ ದಕ್ಕಿಸಿಕೊಂಡವರು ಯಾರು? ಬರೆಯಲು ಕುಳಿತರೆ ಕೈ ಓಡುತ್ತಿರಲಿಲ್ಲ, ಅಷ್ಟೇ.

ನಾವಿಬ್ಬರೂ ಚೆನ್ನಾಗಿದ್ದೇವೆ. ಕಾಗದ ಎಂದ ಮೇಲೆ ಈ ಸಾಲು ಇರಬೇಕು, ಬರೆದಿದ್ದೇನೆ. ಲಾಂಡ್ರಿಗೆ ಹೊಸ ಇಸ್ತ್ರಿ ಯಂತ್ರ ಬಂದಿದೆ. ಅದರ ಹಬೆಗೆ ನನ್ನ ಕನ್ನಡಕ ಮಂಜಾಗಿ ಎದುರಿಗೆ ನಿಂತ ಗಿರಾಕಿ ಗಂಡಸೋ ಹೆಂಗಸೋ ತಿಳಿಯುವುದಿಲ್ಲ. ಬಟ್ಟೆ ನೀರಿಗೆ ಹಾಕುವ ಮುಂಚೆ ಜೇಬು ತಡಕುವುದು ಇಂದಿಗೂ ನನ್ನದೇ ಕೆಲಸ. ಕಳೆದ ವಾರ ಒಬ್ಬ ಹಿರಿಯರ ಕೋಟಿನಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟು ಸಿಕ್ಕಿತು. ವಾಪಸ್ ಕೊಡಲು ಹೋದರೆ, ಬೊಚ್ಚು ಬಾಯಿ ಮುಚ್ಚಿಕೊಂಡೇ, ನಂದಲ್ಲ ಎಂದು ತಲೆಯಾಡಿಸಿದರು. ಅಂಗಡಿಯವರೆಲ್ಲ ನಕ್ಕರು, ನಾನೂ ನಕ್ಕೆ.

ಸರಿ, ಹರಟೆ ಸಾಕು. ನೀನು ಕೇಳಿದ ವಿಷಯಕ್ಕೆ ಬರುತ್ತೇನೆ.

ನಿನ್ನ ಮಗಳು ದಿನವಿಡೀ "ಅಮ್ಮ, ನೀನು ಸಾಯಲ್ಲ ತಾನೇ?" ಎಂದು ಕೇಳುತ್ತಾಳೆ. ಶಾಲೆಯ ಗೇಟಿನಿಂದ ವಾಪಸ್ ಓಡಿಬಂದು ಕೇಳುತ್ತಾಳೆ, ಬಚ್ಚಲುಮನೆಯ ಬಾಗಿಲ ಹೊರಗೆ ನಿಂತು ಕೇಳುತ್ತಾಳೆ. ನೀನು "ಇಲ್ಲ ಕಂದ" ಅಂದರೆ ಗಳಿಗೆ ಹೊತ್ತು ಸಮಾಧಾನ, ಆಮೇಲೆ ಮತ್ತೆ ಅದೇ ರಾಗ. ಪಿಟೀಲು ಎಂದು ಹೆಸರಿಟ್ಟವಳು ನಾನೇ, ಆದರೆ ಈ ರಾಗಕ್ಕಾಗಿ ಇಟ್ಟದ್ದಲ್ಲ. ಈಗ ಡಾಕ್ಟರು ಆ ಉತ್ತರ ಕೊಡುವುದನ್ನೇ ನಿಲ್ಲಿಸಬೇಕು ಎನ್ನುತ್ತಿದ್ದಾರೆ. ಒಂಬತ್ತು ವರ್ಷದ ಮಗು ಹಾಗೆ ಕೇಳಿದಾಗ ಹೆತ್ತವಳು ಬಾಯಿ ಹೊಲಿದುಕೊಂಡಿರುವುದು ಹೇಗಕ್ಕ, ಇದು ಚಿಕಿತ್ಸೆಯಾ ಕಟುಕತನವಾ, ಇದಕ್ಕೂ ಮನೋಚಿಕಿತ್ಸೆಗೂ ಏನು ಸಂಬಂಧ, ಮೊದಲು ಅವಳ ಮನಸ್ಸಿನೊಳಗೆ ಏನು ಕೂತಿದೆ ಎಂದು ನೋಡಬೇಡವಾ, ಎಂದೆಲ್ಲ ಕೇಳಿದ್ದೀಯ. ಮನೆಯವರು ಬೇಡ ಎನ್ನುತ್ತಿದ್ದಾರೆ, ಭಾವನಿಗೆ ಇದೇ ಚಿಕಿತ್ಸೆ ಆದಾಗ ಜೊತೆಗಿದ್ದವಳು ನೀನು ಅಕ್ಕ, ನೀನು ಹೂಂ ಅಂದರೆ ಹೂಂ ಎಂದಿದ್ದೀಯ. ದೊಡ್ಡ ಹೊರೆಯನ್ನೇ ನನ್ನ ತಲೆಗೆ ಹೊರಿಸಿದ್ದೀಯ ಕಣೇ.

ನಾನು ಓದಿದವಳಲ್ಲ. ನನಗೆ ಗೊತ್ತಿರುವುದು ಒಂದು ಮನೆಯ ಕಥೆ. ಅದರಲ್ಲಿ ಅರ್ಧ ನಿನಗೂ ಗೊತ್ತು, ಆದರೂ ಮೊದಲಿಂದ ಹೇಳುತ್ತೇನೆ.

ನಮ್ಮ ಪುಟ್ಟಿ ಹೋದ ಮೇಲೆ ಶುರುವಾದದ್ದು ಇದು. ಆರು ವರ್ಷದ ಮಗಳು ಬೆಳಿಗ್ಗೆ ಜ್ವರ ಎಂದು ಮಲಗಿ ಸಂಜೆಗೆ ಇಲ್ಲವಾದಳು. ನಾನು ಅತ್ತೆಯ ಕಣ್ಣಿನ ಆಪರೇಷನ್ ಎಂದು ಬೇರೆ ಊರಿನಲ್ಲಿದ್ದೆ. ನಿನ್ನ ಭಾವ ಲಿಫ್ಟ್ ರಿಪೇರಿಗೆಂದು ಹೋಗಿ ಒಂದು ದೊಡ್ಡ ಕಟ್ಟಡದ ಮೇಲೆ ನಡುವೆ ನಿಂತ ಲಿಫ್ಟಿನಿಂದ ಜನರನ್ನು ಇಳಿಸುತ್ತಿದ್ದರು, ಯಾರ ಕೈಗೂ ಸಿಗುವ ಹಾಗಿರಲಿಲ್ಲ. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವಳು ನೀನೊಬ್ಬಳು. ನಾನು ಬಸ್ಸಿಳಿದು ಬರುವಾಗ ನೀನು ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಅವಳ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ನಿನಗಿನ್ನೂ ಮದುವೆಯೂ ಆಗಿರಲಿಲ್ಲ.

ಅದಾದ ಮೇಲೆ ನಿನ್ನ ಭಾವ ಅಳಲಿಲ್ಲ. ಕೆಲಸಕ್ಕೆ ಹೋದರು. ಅವರ ಕೆಲಸದಲ್ಲಿ ಒಂದು ಪದ್ಧತಿ ಇದೆ. ಲಿಫ್ಟಿನ ಬ್ರೇಕಿನ ಬೋಲ್ಟನ್ನು ಬಿಗಿ ಮಾಡಿದ ಮೇಲೆ ಅದರ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಾರೆ. ಗೆರೆ ನೇರವಾಗಿದ್ದರೆ ಬೋಲ್ಟು ಅಲುಗಿಲ್ಲ ಎಂದರ್ಥ. ಕಣ್ಣಲ್ಲಿ ನೋಡಿದರೆ ಸಾಕು. ಇವರಿಗೆ ಆ ಗೆರೆಯ ಮೇಲೇ ಅನುಮಾನ ಹುಟ್ಟಿತು. ಬಿಗಿ ಮಾಡಿ ಗೆರೆ ಎಳೆದೆನೋ, ಬರೀ ಗೆರೆ ಎಳೆದು ಬಂದುಬಿಟ್ಟೆನೋ? ಮನೆಯ ಬಾಗಿಲವರೆಗೆ ಬಂದವರು ತಿರುಗಿ ಹೋಗುತ್ತಿದ್ದರು. ಹೋಗಿ ಸ್ಪ್ಯಾನರ್ ಹಾಕಿ ನೋಡಿ ಬರುತ್ತಿದ್ದರು. ಬಂದ ಮೇಲೆ, ನೋಡುವಾಗ ಎಲ್ಲಿ ಸಡಿಲ ಮಾಡಿಬಿಟ್ಟೆನೋ ಎಂದು ಮತ್ತೆ ಹೊರಡುತ್ತಿದ್ದರು. ಕಟ್ಟಡಗಳ ಕಾವಲುಗಾರರು ಇವರಿಗೆ 'ವಾಪಸ್ ಸಾಹೇಬ್ರು' ಎಂದೇ ಹೆಸರಿಟ್ಟಿದ್ದರು.

ಹೋಗಲಾಗದಿದ್ದ ದಿನ ನನ್ನನ್ನು ಕೇಳುತ್ತಿದ್ದರು. "ಬಿಗಿ ಮಾಡಿದೀನಿ ತಾನೇ?" ಇಡೀ ದಿನ ಲಾಂಡ್ರಿಯಲ್ಲಿ ಕಂಡವರ ಜೇಬು ತಡಕುವ ನನಗೆ ಎಲ್ಲೋ ಕಟ್ಟಡದ ನೆತ್ತಿಯ ಮೇಲಿರುವ ಬೋಲ್ಟಿನ ಸಮಾಚಾರ ಏನು ಗೊತ್ತು? ಆದರೂ "ಹೂಂ, ಮಾಡಿದೀರಿ" ಅನ್ನುತ್ತಿದ್ದೆ. ಅವರ ಹೆಗಲು ಇಳಿಯುತ್ತಿತ್ತು, ಊಟಕ್ಕೆ ಕೂರುತ್ತಿದ್ದರು. ಎರಡು ತುತ್ತು ಇಳಿಯುವಷ್ಟರಲ್ಲಿ ಮತ್ತೆ "ನಿಜವಾಗ್ಲೂ?" ಸಾರು ಬಡಿಸುತ್ತಾ ಹೂಂ, ಪಾತ್ರೆ ತೊಳೆಯುತ್ತಾ ಹೂಂ, ಹಾಸಿಗೆ ಹಾಸುತ್ತಾ ಹೂಂ. ಆ ಹೂಂಗುಡುವಿಕೆಯಲ್ಲೇ ನಮ್ಮ ಸಂಸಾರ ನಡೆಯಿತು, ವರ್ಷಗಟ್ಟಲೆ.

ಮೊದಲು ಹೋದದ್ದು ಮಾತಿನ ಡಾಕ್ಟರಮ್ಮನ ಹತ್ತಿರ. ನೀನು ಮನೋಚಿಕಿತ್ಸೆ ಎಂದು ಯಾವುದನ್ನು ಕರೆಯುತ್ತೀಯೋ ಅದು ಅದೇ. ಎರಡು ಕುರ್ಚಿ, ನಡುವೆ ಒಂದು ಪುಟ್ಟ ಮೇಜು, ಕಣ್ಣೊರೆಸಿಕೊಳ್ಳಲು ಕಾಗದದ ಪೆಟ್ಟಿಗೆ. ಆಕೆ ಅವಸರ ಮಾಡಲಿಲ್ಲ. ಇವರ ಅಪ್ಪ, ಇವರ ಬಾಲ್ಯ, ಇವರ ಕೋಪ ಎಲ್ಲ ಕೇಳಿದರು. ನಾನು ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಿದ್ದೆ. ಒಂದು ದಿನ ಒಳಗಿನಿಂದ ಇವರು ಅಳುವುದು ಕೇಳಿಸಿತು. ಮಗಳು ಹೋದಾಗ ಬಾರದ ಅಳು ಅದು. ಬಸ್ಸಿನಲ್ಲಿ ವಾಪಸ್ ಬರುವಾಗ ತಾವಾಗಿಯೇ ಹೇಳಿದರು: "ಆ ದಿನ ಲಿಫ್ಟಿನಲ್ಲಿದ್ದ ಅಷ್ಟೂ ಜನರನ್ನ ಕೆಳಗಿಳಿಸಿದೆ. ಅವಳನ್ನ ಮಾತ್ರ ಉಳಿಸೋಕಾಗ್ಲಿಲ್ಲ. ಅದಕ್ಕೇ ಅಂತೆ ಕಣೇ ಈ ಬೋಲ್ಟು." ನಾನು ಅವರ ಕೈ ಹಿಡಿದುಕೊಂಡೆ. ಇನ್ನೇನು, ಮುಳ್ಳು ಸಿಕ್ಕಿತು, ಕಿತ್ತರಾಯಿತು ಎಂದುಕೊಂಡೆ. ಮನೆಗೆ ಬಂದು ಚಪ್ಪಲಿ ಬಿಟ್ಟು ಒಳಗೆ ಬಂದವರು ಅಲ್ಲೇ ನಿಂತು ಕೇಳಿದರು, "ಬಿಗಿ ಮಾಡಿದೀನಿ ತಾನೇ?"

ಆಕೆಯನ್ನು ನಾನು ದೂರುವುದಿಲ್ಲ. ಆಕೆ ಹೇಳಿದ್ದು ಸುಳ್ಳಲ್ಲ. ಕಾರಣ ಗೊತ್ತಾಯಿತು, ರೋಗ ಹೋಗಲಿಲ್ಲ. ಕಡೆಗೆ ಆಕೆಯೇ, "ಇದಕ್ಕೆ ನನ್ನ ಕೆಲಸ ಒಂದೇ ಸಾಲದು, ಮಹಡಿ ಮೇಲೆ ಹೋಗಿ" ಎಂದು ಕಳಿಸಿದರು.

ಮಹಡಿಯ ಕೋಣೆಯ ಬಾಗಿಲ ಮೇಲೆ 'ವರ್ತನಾ ಚಿಕಿತ್ಸೆ' ಎಂದು ಬರೆದಿತ್ತು. ಓದಿದ ಕೂಡಲೇ ನಿನ್ನ ಭಾವ ಸಿಡುಕಿದರು. "ನನ್ನ ವರ್ತನೆಗೆ ಏನಾಗಿದೆ? ಯಾರಿಗೆ ಏನಂದೆ ನಾನು?" ಒಳಗಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಅದನ್ನು ಕೇಳಿಸಿಕೊಂಡು ನಗುತ್ತಾ ಹೊರಗೆ ಬಂದರು. "ಎಲ್ಲರೂ ಹಂಗೇ ಅಂತಾರೆ, ಬನ್ನಿ. ವರ್ತನೆ ಅಂದ್ರೆ ನೀವು ಒಳ್ಳೆಯೋರಾ ಕೆಟ್ಟೋರಾ ಅನ್ನೋದಲ್ಲ. ಭಯ ಬಂದಾಗ ನೀವು ಏನ್ ಮಾಡ್ತೀರಿ ಅನ್ನೋದು, ಅಷ್ಟೇ." ಆಮೇಲೆ ನೀನು ಕೇಳಿರುವುದನ್ನೇ ನಾನೂ ಕೇಳಿದೆ, ಇದಕ್ಕೂ ಕೆಳಗಿನದಕ್ಕೂ ಏನು ಸಂಬಂಧ ಎಂದು. ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ. "ಅದೂ ಮನೋಚಿಕಿತ್ಸೆ, ಇದೂ ಅದರದ್ದೇ ಒಂದು ಬಗೆ. ಒಂದೇ ಮನೆಯ ಅಣ್ಣತಮ್ಮಂದಿರು ಅಂದ್ಕೊಳ್ಳಿ. ಈ ಭಯ ಎಲ್ಲಿಂದ ಬಂತು ಅಂತ ಅವರು ನೋಡ್ತಾರೆ. ಇವತ್ತು ಅದು ಏನ್ ತಿಂದ್ಕೊಂಡು ಬದುಕಿದೆ ಅಂತ ನಾನು ನೋಡ್ತೀನಿ. ಬೆಂಕಿ ಹಚ್ಚಿದ ಕಡ್ಡಿ ಯಾವ್ದು ಅಂತ ಗೊತ್ತಾಯ್ತು, ಒಳ್ಳೇದು. ಆದ್ರೆ ದಿನಾ ಸೌದೆ ಹಾಕ್ತಿರೋರು ಯಾರು?"

ಹಾಗೆಂದು ನನ್ನ ಕಡೆ ನೋಡಿದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ನನಗೆ ಹಾಗೇ ಆಯಿತು. ನನ್ನ ಹೂಂ ಕೇಳಿದಾಗ ಅವರಿಗೆ ಹಾಯೆನಿಸುತ್ತದೆ, ಆ ಹಾಯೆನಿಸಿದ್ದರ ರುಚಿಗೇ ಭಯ ಮತ್ತೆ ಬರುತ್ತದೆ, ಕೆರೆದಷ್ಟೂ ತುರಿಕೆ ಹೆಚ್ಚುವ ಹಾಗೆ ಎಂದು ಅವರು ಬಿಡಿಸಿ ಹೇಳಿದರು. ಪ್ರೀತಿಯಿಂದ ಕೊಡುತ್ತಿದ್ದದ್ದು ವಿಷ ಎಂದು ಗೊತ್ತಾದರೆ ಹೇಗಿರುತ್ತದೆ ಹೇಳು. ನಿನಗೂ ಈಗ ಹಾಗೇ ಆಗಿದೆ, ಅದು ನಿನ್ನ ಕಾಗದದಲ್ಲೇ ಗೊತ್ತಾಗುತ್ತದೆ. ನೀನು ತಪ್ಪು ಮಾಡಿಲ್ಲ ಕಣೇ. ಮಗು ಕೇಳಿತು, ಕೊಟ್ಟೆ. ಯಾವ ತಾಯಿಯಾದರೂ ಅದನ್ನೇ ಮಾಡುತ್ತಾಳೆ.

ಅವರು ಮಾಡಿಸಿದ್ದನ್ನು ಹೇಳುತ್ತೇನೆ, ನಿನ್ನ ಡಾಕ್ಟರು ಮಾಡಿಸುವುದೂ ಹೆಚ್ಚುಕಮ್ಮಿ ಇದೇ. ಮೊದಲು ಭಯಗಳನ್ನೆಲ್ಲ ಚಿಕ್ಕದರಿಂದ ದೊಡ್ಡದರವರೆಗೆ ಮೆಟ್ಟಿಲ ಹಾಗೆ ಜೋಡಿಸಿದರು. ನಾನು ಅವರಿಗೆ 'ಮೆಟ್ಟಿಲು ಡಾಕ್ಟರು' ಎಂದೇ ಹೆಸರಿಟ್ಟೆ. ಮೊದಲ ಮೆಟ್ಟಿಲಿಗೆ, ಮನೆಯ ಬೀರುವಿಗೆ ಒಂದೇ ಸಲ ಬೀಗ ಹಾಕಿ ಎಳೆದು ನೋಡದೆ ಬರುವುದು. ಆಮೇಲೆ ಲಿಫ್ಟಿನೊಳಗಿನ ಕನ್ನಡಿಯ ತಿರುಪು. ಆಮೇಲೆ ಬಾಗಿಲು ಜಾರುವ ಗಾಲಿ. ಕಡೆಯದು ಬ್ರೇಕಿನ ಬೋಲ್ಟು. ಒಂದೇ ಸಲ ಬಿಗಿ ಮಾಡಿ, ಗೆರೆ ಎಳೆದು, ಲಿಫ್ಟಿನ ಯಂತ್ರದ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಕಾವಲುಗಾರನಿಗೆ ಕೊಟ್ಟು ಮನೆಗೆ ಬರುವುದು. ಜನರ ಜೀವದ ಪ್ರಶ್ನೆಯಲ್ಲವೇ ಎಂದು ನಾನು ಹೆದರಿದೆ. ಡಾಕ್ಟರು ಮೊದಲೇ ಇವರ ಮೇಲ್ವಿಚಾರಕರ ಹತ್ತಿರ ಮಾತಾಡಿದ್ದರು. ಎಂದಿನಂತೆ ಇನ್ನೊಬ್ಬ ಮೆಕ್ಯಾನಿಕ್ ನೋಡಿಯೇ ನೋಡುತ್ತಾನೆ, ಆದರೆ ನೋಡಿದ್ದನ್ನು ಇವರಿಗೆ ಹೇಳಕೂಡದು. ಆ ಲಿಫ್ಟಿನಲ್ಲಿ ಡಾಕ್ಟರು ತಾವೇ ಇವರ ಜೊತೆ ಮೇಲೆ ಕೆಳಗೆ ಓಡಾಡಿದರು. ಇವರು ಬೆವರಿ ತೊಪ್ಪೆಯಾಗಿದ್ದರೆ ಅವರು ಪಕ್ಕದಲ್ಲಿ ನಿಂತು, "ಬರ್ಲಿ ಭಯ, ಬರ್ಲಿ. ಓಡಿಸ್ಬೇಡಿ, ಅದಕ್ಕೆ ಉತ್ತರ ಕೊಡ್ಬೇಡಿ. ತಾನಾಗೇ ಇಳಿಯುತ್ತೆ" ಎನ್ನುತ್ತಿದ್ದರಂತೆ.

ನನಗೂ ಪಾಠ ಆಯಿತು. ಕೇಳಿದಾಗ "ಗೊತ್ತಿಲ್ಲ ರೀ, ಇರಬಹುದು" ಎನ್ನಬೇಕು, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಅಭ್ಯಾಸಕ್ಕೆಂದು ಡಾಕ್ಟರೇ ನನ್ನ ಗಂಡನಾದರು. ಮುಖ ಸಪ್ಪೆ ಮಾಡಿಕೊಂಡು "ಬಿಗಿ ಮಾಡಿದೀನಿ ತಾನೇ?" ಅಂದರು. ನಾನು ತಟ್ಟನೆ "ಹೂಂ, ಮಾಡಿದೀರಿ" ಅಂದುಬಿಟ್ಟೆ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗುಬ್ಬಿ, ಪುಟ್ಟಿ ಹೋದ ಮೇಲೆ ನಿನ್ನ ಭಾವ ಹಾಗೆ ನಕ್ಕದ್ದು ಅದೊಂದೇ ಸಲ.

ಮನೆಯಲ್ಲಿ ಮೊದಲ ಸಲ "ಗೊತ್ತಿಲ್ಲ" ಅಂದ ಸಂಜೆಯನ್ನು ನಿನ್ನಿಂದ ಮುಚ್ಚಿಡುವುದಿಲ್ಲ, ಏಕೆಂದರೆ ಅದು ನಿನಗೂ ಬರುತ್ತದೆ. ಮೊದಲು ಸಣ್ಣಗೆ ನಕ್ಕರು, ಪಾಠ ನೆನಪಿಟ್ಟುಕೊಂಡಿದ್ದೀಯ ಎಂದು. ಸ್ವಲ್ಪ ಹೊತ್ತಿಗೆ ಅಡುಗೆಮನೆಗೆ ಬಂದು ಬಾಗಿಲಲ್ಲಿ ನಿಂತರು. "ಒಂದೇ ಒಂದು ಸಲ ಹೇಳೇ." "ಗೊತ್ತಿಲ್ಲ ರೀ." "ಡಾಕ್ಟ್ರಿಗೆ ಹೇಳಲ್ಲ, ಹೇಳೇ." ನಾನು ನಲ್ಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತೆ. "ನಿನ್ನ ಕಾಲಿಗೆ ಬೀಳ್ತೀನಿ" ಅಂದರು. ಬೀಳಲು ಬಗ್ಗಿದರು ಕೂಡ. ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ. ಆಗ ಅವರು ಆ ಮಾತು ಅಂದದ್ದು. "ನೀನು ಹೆಂಗಸಾ? ನಿನ್ನ ಎದೇಲಿ ಏನಿದೆ, ಕಲ್ಲಾ?" ನಾನು ಅತ್ತೆ, ಆದರೆ ಹೂಂ ಅನ್ನಲಿಲ್ಲ. ಗೋಡೆಗೆ ಒರಗಿ ಕುಳಿತರು. ಮುಸುರೆಯೆಲ್ಲ ತೊಳೆದು ಮುಗಿಸಿ ತಿರುಗಿ ನೋಡಿದರೆ ಹಾಗೇ ಕುಳಿತು ತೂಕಡಿಸುತ್ತಿದ್ದರು. ಡಾಕ್ಟರು ಹೇಳಿದ ಹಾಗೇ ಆಗಿತ್ತು, ಏರಿದ ಭಯ ಯಾರೂ ಇಳಿಸದೆಯೇ ಇಳಿದಿತ್ತು.

ಇದನ್ನು ನೆನಪಿಟ್ಟುಕೋ. ಪಿಟೀಲು ಮೊದಮೊದಲು ಜಾಸ್ತಿಯೇ ಕೇಳುತ್ತಾಳೆ, ಚೀರುತ್ತಾಳೆ, ನಿನಗೆ ನನ್ನ ಮೇಲೆ ಪ್ರೀತಿ ಇಲ್ಲ ಅನ್ನುತ್ತಾಳೆ. ನಡುವೆ ಒಂದು ಸಲ ಕರಗಿ ಹೇಳಿಬಿಟ್ಟೆಯೋ, ಇಷ್ಟು ಅತ್ತರೆ ಸಿಗುತ್ತದೆ ಎಂದು ಅವಳ ಭಯ ಕಲಿತುಕೊಳ್ಳುತ್ತದೆ. ಶುರು ಮಾಡಿದರೆ ಪೂರ್ತಿ ಮಾಡು, ಇಲ್ಲವಾದರೆ ಮುಟ್ಟಲೇಬೇಡ. ನಿನ್ನ ಯಜಮಾನರಿಗೂ ಹೇಳು. ನೀನು ಬಾಯಿ ಮುಚ್ಚಿಕೊಂಡು ಅವರು ಕಳ್ಳತನದಲ್ಲಿ "ಅಮ್ಮ ಸಾಯಲ್ಲ ಮಗಳೇ" ಅಂದರೆ ಎಲ್ಲವೂ ನೀರಿನಲ್ಲಿ ಹೋಮ.

ವಾಸಿಯಾಯಿತಾ ಎಂದು ಕೇಳುತ್ತೀಯ. ಆಯಿತು. ಪೂರ್ತಿ ಆಯಿತು. ಈಗ ನಿನ್ನ ಭಾವ ಕೆಲಸ ಮುಗಿದರೆ ನೇರ ಮನೆಗೆ ಬರುತ್ತಾರೆ. ಊಟ ಮಾಡುತ್ತಾರೆ, ಮಲಗುತ್ತಾರೆ, ಗೊರಕೆಯನ್ನೂ ಹೊಡೆಯುತ್ತಾರೆ. ಹೊಸಬರಿಗೆ ಕೆಲಸ ಕಲಿಸಲು ಇವರನ್ನೇ ಕಳಿಸುತ್ತಾರಂತೆ. ನೋಡಿದವರೆಲ್ಲ ನನಗೆ ಶಹಬ್ಬಾಸ್ ಎನ್ನುತ್ತಾರೆ, ಹೆಂಡತಿ ಎಂದರೆ ಹೀಗಿರಬೇಕು ಎಂದು.

ಇಲ್ಲಿಗೆ ನಿಲ್ಲಿಸಿದ್ದರೆ ನಿನಗೆ ಧೈರ್ಯವಾಗುತ್ತಿತ್ತು. ಆದರೆ ನೀನು ಕೇಳಿದ್ದು ನಿಜ ಹೇಳು ಎಂದು.

ಕೇಳುವುದು ನಿಂತ ಮೇಲೆ ನಮ್ಮ ಮನೆಯಲ್ಲಿ ಮಾತೇ ನಿಂತಿತು. ಇಷ್ಟು ವರ್ಷ ನಾವಿಬ್ಬರೂ ಆಡಿಕೊಳ್ಳುತ್ತಿದ್ದದ್ದು ಅದೊಂದೇ ಮಾತು ಎನ್ನುವುದು ಆಗ ಗೊತ್ತಾಯಿತು. ಅವರು ಬೋಲ್ಟು ಕೇಳುತ್ತಿದ್ದರು, ನಾನು ಹೂಂ ಎನ್ನುತ್ತಿದ್ದೆ, ಇಬ್ಬರಿಗೂ ಪುಟ್ಟಿಯ ಹೆಸರು ಎತ್ತುವ ಪ್ರಮೇಯ ಬರುತ್ತಿರಲಿಲ್ಲ. ಈಗ ತಟ್ಟೆಯ ಮುಂದೆ ಎದುರುಬದುರು ಕೂರುತ್ತೇವೆ, ನಡುವೆ ಅವಳು ಇರುತ್ತಾಳೆ. ಒಂದು ಸಂಜೆ ನಾನೇ ಬಾಯಿ ಬಿಟ್ಟೆ. "ರೀ, ಅವಳಿದ್ದಿದ್ರೆ ಈ ವರ್ಷ ಕಾಲೇಜು ಮೆಟ್ಟಿಲು ಹತ್ತಿರೋಳು." ಅವರು ಕಣ್ಣು ಮುಚ್ಚಿದರು. ಅತ್ತರೆ ಅಳಲಿ ಎಂದು ಕಾದೆ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು ಶಾಂತವಾಗಿ ಹೇಳಿದರು, "ನಂಗೂ ಬರುತ್ತೆ ಕಣೇ ಅವಳ ಯೋಚನೆ. ಬರುತ್ತೆ, ಇರುತ್ತೆ, ಹೋಗುತ್ತೆ. ಉತ್ತರ ಕೊಡಬಾರ್ದು. ನೀನೂ ಕೊಡಬೇಡ." ಹಾಗೆಂದು ತಟ್ಟೆ ತೊಳೆಯಲು ಎದ್ದರು.

ಪಾಪ, ನನಗೆ ನೋವು ಕೊಡಬೇಕೆಂದು ಹೇಳಿದ್ದಲ್ಲ. ತನ್ನನ್ನು ಬದುಕಿಸಿದ ಮದ್ದನ್ನೇ ನನಗೂ ಒಂದು ಚಮಚ ಹಾಕಲು ಬಂದರು. ಆದರೆ ಅವರು ಮಗಳನ್ನೂ ಬೋಲ್ಟಿನ ಪಕ್ಕದಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಯಾರಿಗೋ ಕೊಟ್ಟು ಬಂದಿದ್ದರು. ಅವರ ಸಂದೂಕದಲ್ಲಿದ್ದ ಅವಳ ಫೋಟೋ ಈಗ ಅಲ್ಲಿಲ್ಲ. ಎಲ್ಲಿದೆ ಎಂದು ನಾನು ಕೇಳಿಲ್ಲ.

ಲಾಂಡ್ರಿಗೆ ರಜೆ ಹಾಕಿ ಮೆಟ್ಟಿಲು ಡಾಕ್ಟರ ಹತ್ತಿರ ಒಬ್ಬಳೇ ಹೋದೆ. ನಡೆದದ್ದು ಹೇಳಿದೆ. ಅವರ ಮುಖ ಬಾಡಿತು. "ನಾನು ಕಲ್ಸಿದ್ದು ಭಯಕ್ಕೆ ಅಮ್ಮ, ದುಃಖಕ್ಕಲ್ಲ. ಬೋಲ್ಟು ಬಿಗಿಯಾಗಿದೆಯಾ ಅನ್ನೋ ಯೋಚನೆನ ಬಂದು ಹೋಗೋಕೆ ಬಿಡ್ಬೇಕು. ಮಗಳನ್ನ ಹಂಗೆ ಬಿಡ್ಬೇಕು ಅಂತ ನಾನು ಹೇಳ್ಲಿಲ್ಲ. ಅದಕ್ಕೆ ಮಾತು ಬೇಕು. ಕೆಳಗಡೆ ಮತ್ತೆ ಹೋಗೋಣ ಅಂತ ಕರ್ಕೊಂಡು ಬನ್ನಿ. ಎರಡೂ ಬೇಕಾಗೋರು ತುಂಬಾ ಜನ ಇದಾರೆ, ಒಂದಕ್ಕೊಂದು ವೈರಿ ಅಲ್ಲ ಇವು." ಹೇಳುವುದು ಸುಲಭ. ಮನೆಗೆ ಬಂದು ಕರೆದರೆ ನಿನ್ನ ಭಾವ, "ನಂಗೆ ವಾಸಿಯಾಗಿದೆಯಲ್ಲೇ, ಮತ್ತೆ ಯಾಕೆ ಕೆದಕೋದು?" ಅಂದರು. ಹುಚ್ಚು ಬಿಟ್ಟ ಹೊರತು ಮದುವೆಯಾಗುವುದಿಲ್ಲ, ಮದುವೆಯಾದ ಹೊರತು ಹುಚ್ಚು ಬಿಡುವುದಿಲ್ಲ ಎನ್ನುವ ಹಾಗೆ. ದುಃಖವನ್ನು ಮಾತಾಡಲು ಭಯ ಹೋಗಬೇಕಿತ್ತು, ಭಯ ಹೋಗುವಾಗ ಮಾತನ್ನೂ ಕರೆದುಕೊಂಡೇ ಹೋಯಿತು.

ನಾನಾದರೂ ಹೋಗೋಣ ಎಂದು ಕೆಳಗಿನ ಡಾಕ್ಟರಮ್ಮನ ಬಾಗಿಲಿಗೆ ಹೋದೆ. ಅದೇ ಬೆಂಚು. ಒಳಗೆ ಕರೆದು ಆಕೆ ಕೇಳಿದರು, "ಹೇಗಿದಾರೆ ಯಜಮಾನರು?" ಚೆನ್ನಾಗಿದ್ದಾರೆ ಎಂದೆ. "ನಿಮಗೇನು ತೊಂದ್ರೆ?" ಎಂದು ಕೇಳಿದರು. ಗುಬ್ಬಿ, ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ನಾನು ಜೊತೆಗೆ ಬರುವವಳು, ಔಷಧಿಯ ಚೀಟಿ ಹಿಡಿದುಕೊಳ್ಳುವವಳು, ಹೂಂ ಅನ್ನುವವಳು, ಆಮೇಲೆ ಹೂಂ ಅನ್ನದವಳು. "ನನಗೇನಿಲ್ಲ, ಹಂಗೇ ಹೇಳಿ ಹೋಗೋಣ ಅಂತ ಬಂದೆ" ಎಂದು ಎದ್ದು ಬಂದೆ. ಮತ್ತೆ ಹೋಗಿಲ್ಲ. ಹೋಗುತ್ತೇನೆ ಎಂದು ಅನಿಸುವುದೂ ಇಲ್ಲ. ಬೆಳಿಗ್ಗೆ ಎದ್ದರೆ ಇನ್ನೂ ಒಂದು ದಿನವೇ ಎನಿಸುತ್ತದೆ. ಲಾಂಡ್ರಿಯ ಹಬೆಯಲ್ಲಿ ನಿಂತಾಗ ಅತ್ತರೂ ಯಾರಿಗೂ ತಿಳಿಯುವುದಿಲ್ಲ, ಅದೊಂದು ಅನ್ನದ ಜೊತೆಗೆ ಸಿಕ್ಕ ಅನುಕೂಲ.

ಈಗ ನಿನಗೆ ನನ್ನ ಉತ್ತರ. ಮಾಡಿಸು. ಯಾರು ಏನೇ ಅಂದರೂ ಮಾಡಿಸು. ಅದು ಕಟುಕತನವಲ್ಲ. ಉತ್ತರ ಸಿಗದಿದ್ದರೂ ಜೀವ ನಿಲ್ಲುತ್ತದೆ ಎಂದು ಮಗುವಿಗೆ ಈಗಲೇ ಗೊತ್ತಾದರೆ ಒಳ್ಳೆಯದು. ಇಲ್ಲದಿದ್ದರೆ ಅವಳು ದೊಡ್ಡವಳಾಗಿ ಗಂಡನನ್ನು, ಮಕ್ಕಳನ್ನು, ಸಿಕ್ಕವರನ್ನೆಲ್ಲ ಕೇಳುತ್ತಾ ತಿರುಗುತ್ತಾಳೆ. ಆದರೆ ಒಂದು ಮಾತು. ಅವಳು ಕೇಳುವುದು ನಿಂತ ದಿನ, ಗೆದ್ದೆವು ಎಂದು ನೀನು ಸುಮ್ಮನಾಗಬೇಡ. ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡು. ಸಾವಿನ ಬಗ್ಗೆಯೇ ಮಾತಾಡು. ತಾನು ಹುಟ್ಟುವ ಮುಂಚೆ ದೊಡ್ಡಮ್ಮನಿಗೆ ಒಬ್ಬಳು ಮಗಳಿದ್ದಳು ಎಂದು ಅವಳಿಗೆ ಗೊತ್ತು, ಯಾರಿಂದ ಗೊತ್ತಾಯಿತೋ ಏನೋ. ಕಳೆದ ಸಲ ಬಂದಾಗ ನನ್ನ ಕಿವಿಯಲ್ಲಿ, "ಆ ಅಕ್ಕ ಸಾಯೋವಾಗ ನೀನು ಹತ್ರ ಇರ್ಲಿಲ್ವಂತೆ, ಹೌದಾ ದೊಡ್ಡಮ್ಮ?" ಎಂದು ಕೇಳಿದಳು. ಅವಳ ಭಯದ ಬೇರು ಅಲ್ಲಿರಬಹುದು, ಇಲ್ಲದೆಯೂ ಇರಬಹುದು. ಮೆಟ್ಟಿಲು ಹತ್ತಿಸುವವರು ಹತ್ತಿಸಲಿ, ಅದನ್ನು ಕೇಳುವವರೂ ಒಬ್ಬರು ಇರಲಿ. ನಿಮ್ಮೂರಿನ ಡಾಕ್ಟರನ್ನು ಅದಕ್ಕೂ ಕೇಳು.

ನಿನ್ನ ಯಜಮಾನರಿಗೆ ಈ ಕಾಗದ ಓದಲು ಕೊಡು. ಕೊನೆಯ ಹಾಳೆಯನ್ನು ಮಾತ್ರ ತೆಗೆದಿಡು. ಪಿಟೀಲಿನ ಕೆನ್ನೆಗೆ ನನ್ನದೊಂದು ಮುತ್ತು. ಅವಳು ನೂರು ವರ್ಷ ಬಾಳಲಿ, ನೀನು ಅವಳ ಮಕ್ಕಳನ್ನು ಎತ್ತಿ ಆಡಿಸುವ ಹಾಗಾಗಲಿ. ಇದು ಉತ್ತರವಲ್ಲ, ಆಶೀರ್ವಾದ. ಆಶೀರ್ವಾದಕ್ಕೆ ಯಾವ ಡಾಕ್ಟರೂ ಬೇಡ ಅಂದಿಲ್ಲ.

ಇಂತಿ ನಿನ್ನ
ಅಕ್ಕ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಬಾರದು ಎಂದುಕೊಂಡಿದ್ದೆ.

ನೀನು ಮದುವೆಯಾಗಿ ಹೋದಾಗಿನಿಂದ ನಾನು ನಿನಗೆ ಬರೆದ ಪ್ರತಿ ಕಾಗದದ ಕೊನೆಯಲ್ಲೂ ಒಂದು ಮಾತು ಕೇಳಿದ್ದೇನೆ. ಆ ದಿನ ಪುಟ್ಟಿ ಕೊನೆಗೆ ನನ್ನನ್ನು ಕೇಳಿದಳಾ ಎಂದು. ನೀನೂ ತಪ್ಪದೆ ಬರೆದಿದ್ದೀಯ, ಇಲ್ಲಕ್ಕ, ನಿದ್ದೆಯಲ್ಲೇ ಹೋದಳು, ಯಾರನ್ನೂ ಕೇಳಲಿಲ್ಲ. ನಾನು ಆ ಸಾಲನ್ನು ಓದಿ ಕೆಲವು ದಿನ ಬದುಕುತ್ತೇನೆ, ಆಮೇಲೆ ಮತ್ತೆ ಬರೆಯುತ್ತೇನೆ. ಈ ಸಲದ ನಿನ್ನ ಕಾಗದದಲ್ಲಿ ಆ ಸಾಲು ಇರಲಿಲ್ಲ. ಹಾಳೆ ತಿರುಗಿಸಿ ನೋಡಿದೆ, ಲಕೋಟೆಯನ್ನು ಹರಿದು ಒಳಗೆ ನೋಡಿದೆ. ಮಗಳ ಚಿಂತೆಯಲ್ಲಿ ಮರೆತೆಯೋ, ಡಾಕ್ಟರ ಮಾತು ಕೇಳಿ ನನಗೂ ಚಿಕಿತ್ಸೆ ಶುರು ಮಾಡಿದೆಯೋ ಗೊತ್ತಾಗಲಿಲ್ಲ. ಒಂದು ತಿಂಗಳು ಉತ್ತರ ಬರೆಯಲಾಗದೆ ಕುಳಿತದ್ದು ಅದಕ್ಕೇ.

ನೀನು ಬರೆಯುತ್ತಿದ್ದದ್ದು ನಿಜವಲ್ಲ ಎಂದು ಮೊದಲ ಕಾಗದದಿಂದಲೂ ನನಗೆ ಗೊತ್ತು. ನನ್ನ ಸೆರಗು ಹಿಡಿದುಕೊಳ್ಳದೆ ಅವಳು ಒಂದು ದಿನವೂ ನಿದ್ದೆ ಹೋದವಳಲ್ಲ. ಎಷ್ಟು ಕರೆದಿರುತ್ತಾಳೆ, ನೀನು ಎಷ್ಟು ಸಲ "ಬರ್ತಾಳೆ, ಅಮ್ಮ ಬರ್ತಾಳೆ" ಅಂದಿರುತ್ತೀಯ ಎನ್ನುವುದು ನನ್ನ ಹೊಟ್ಟೆಗೆ ಗೊತ್ತು. ಆದರೂ ಬರೆ. ನಿನ್ನ ಮಗಳಿಗೆ ಉತ್ತರ ಕೊಡುವುದನ್ನು ನಿಲ್ಲಿಸು, ಅವಳು ವಾಸಿಯಾಗಬೇಕಾದವಳು. ನನಗೆ ವಾಸಿಯಾಗುವುದು ಬೇಡ ಕಣೇ. ಅವಳು ನನ್ನನ್ನು ಕೇಳಲಿಲ್ಲ ಎಂದು ಬರೆದು ಕಳಿಸು.